ಲ್ಯಾಪ್‌ಟಾಪ್ ಮಡಚಿದರೆ ಇನ್ನು ಸ್ಲೀಪ್ ಅಲ್ಲ, ಹೈಬರ್ನೇಟ್

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ನಮ್ಮಲ್ಲಿ ಸರ್ವಿಸ್ ಆಗಿ ಹೋಗುವ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸಿ ಕೊಡುತ್ತಿದ್ದೇವೆ. ಚಾರ್ಜರ್ ಇಲ್ಲದಾಗ ಮಡಚಿದರೆ ಅದು ಹೈಬರ್ನೇಟ್ ಆಗುತ್ತದೆ, ಅಂದರೆ ನಿಮ್ಮ ಕೆಲಸ ಉಳಿಸಿಟ್ಟುಕೊಂಡು ಪೂರ್ತಿ ಆಫ್ ಆಗುತ್ತದೆ. ಮತ್ತೆ ತೆರೆದಾಗ ಪವರ್ ಬಟನ್ ಒತ್ತಿ ಸ್ವಲ್ಪ ಹೊತ್ತು ಕಾಯಬೇಕು. ಕೆಟ್ಟುಹೋಯಿತು ಅಂತ ಗಾಬರಿಯಾಗಬೇಡಿ.

ಯಾಕೆ ಈ ಬದಲಾವಣೆ? ಹೋದ ವಾರ ಕಾಲೇಜು ವಿದ್ಯಾರ್ಥಿನಿಯೊಬ್ಬರು ಬ್ಯಾಟರಿ ನಿಲ್ಲುತ್ತಿಲ್ಲ ಅಂತ ಬಂದರು. ಬೆಳಿಗ್ಗೆ ಫುಲ್ ಚಾರ್ಜ್ ಮಾಡಿಯೇ ಬ್ಯಾಗಿಗೆ ಹಾಕಿದ್ದರಂತೆ. ಜಿಪ್ ಎಳೆದರೆ ಒಳಗಿಂದ ಬಿಸಿ ಗಾಳಿ. ಮಡಚಿದ ಲ್ಯಾಪ್‌ಟಾಪಿನ ಫ್ಯಾನ್ ತಿರುಗುತ್ತಲೇ ಇತ್ತು, ತಳ ಮುಟ್ಟಿದರೆ ಕೈ ಸುಡುತ್ತಿತ್ತು. ಬ್ಯಾಟರಿಗೆ ಏನೂ ಆಗಿರಲಿಲ್ಲ.

ಸ್ಲೀಪ್‌ನಲ್ಲಿ ನಿಮ್ಮ ಕೆಲಸವೆಲ್ಲ ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ಮೆಮೊರಿಯಾದ ರ‍್ಯಾಮ್‌ನಲ್ಲೇ ಇರುತ್ತದೆ. ಅದನ್ನು ಕಾಯಲು ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಈಚಿನ ಎಷ್ಟೋ ಮಾಡೆಲ್‌ಗಳು ಮೊಬೈಲ್ ತರಹ ಮೇಲ್, ಅಪ್‌ಡೇಟ್ ಅಂತ ನಡುನಡುವೆ ಎಚ್ಚರವಾಗುತ್ತವೆ. ಬ್ಯಾಗಿನಲ್ಲಿ ಆ ಬಿಸಿ ಎಲ್ಲಿಗೆ ಹೋಗಬೇಕು, ಅಲ್ವಾ? ಬ್ಯಾಟರಿ ಪೂರ್ತಿ ಖಾಲಿಯಾದರೆ ಸೇವ್ ಮಾಡದ ಕೆಲಸವೂ ಹೋಗಬಹುದು. ರಾತ್ರಿಯೆಲ್ಲ ಕೂತು ಟೈಪ್ ಮಾಡಿದ್ದು ಹೋಯಿತು ಅಂತ ಅಂಗಡಿಯಲ್ಲಿ ಕಣ್ಣೀರು ಹಾಕಿದವರನ್ನು ನೋಡಿದ್ದೇವೆ.

ಹೈಬರ್ನೇಟ್ ಆದರೆ ರ‍್ಯಾಮ್‌ನಲ್ಲಿರುವುದೆಲ್ಲ ಡಿಸ್ಕಿಗೆ ಬರೆದಾಗಿ, ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುತ್ತದೆ. ವಾರ ಬಿಟ್ಟು ತೆರೆದರೂ ನಿಮ್ಮ ಫೈಲ್ ಬಿಟ್ಟ ಸಾಲಿನಲ್ಲೇ ಇರುತ್ತದೆ. 8 ಜಿಬಿ ರ‍್ಯಾಮ್ ಇದ್ದರೆ ಇದಕ್ಕೆ ಸಾಮಾನ್ಯವಾಗಿ ಡಿಸ್ಕಿನಲ್ಲಿ 3 ಜಿಬಿ ಚಿಲ್ಲರೆ ಜಾಗ ಬೇಕು. ಜಾಗ ಕಮ್ಮಿ ಇರುವವರನ್ನು ಕೇಳಿಯೇ ಮಾಡುತ್ತೇವೆ.

ಚಾರ್ಜರ್ ಹಾಕಿದ್ದಾಗ ಮಡಚಿದರೆ ಮೊದಲಿನಂತೆ ಸ್ಲೀಪೇ. ಊಟಕ್ಕೆ, ಕಾಫಿಗೆ ಎದ್ದು ಹೋಗುವಾಗ ಅದೇ ಸರಿ. ಆದರೆ ಹಾಗೆ ಮಡಚಿಟ್ಟು, ಆಮೇಲೆ ವೈರ್ ಕಿತ್ತು ಬ್ಯಾಗಿಗೆ ಹಾಕಿದರೆ ಸ್ಲೀಪ್‌ನಲ್ಲೇ ಉಳಿದುಬಿಡುತ್ತದೆ. ದಯವಿಟ್ಟು ಮೊದಲು ವೈರ್ ಕೀಳಿ, ಆಮೇಲೆ ಮಡಚಿ.

ಶಟ್‌ಡೌನ್ ಬಗ್ಗೆಯೂ ಒಂದು ಮಾತು. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್‌ನ ಒಂದು ಭಾಗ ಡಿಸ್ಕಿನಲ್ಲಿ ಉಳಿದು, ಮರುದಿನ ಅದೇ ವಾಪಸ್ ಬರುತ್ತದೆ. ಹಾಗಾಗಿ ವೈಫೈ, ಪ್ರಿಂಟರ್ ತೊಂದರೆ ಕೊಟ್ಟರೆ ಸುಮ್ನೆ ಶಟ್‌ಡೌನ್ ಮಾಡಿ ಕೂರಬೇಡಿ, ರೀಸ್ಟಾರ್ಟ್ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ, ನಮ್ಮಲ್ಲಿಗೆ ಬರುವ ಖರ್ಚೂ ಉಳಿಯುತ್ತದೆ.

ಹಳೆಯ ಸೆಟ್ಟಿಂಗೇ ಬೇಕು ಅನ್ನುವವರು ಲ್ಯಾಪ್‌ಟಾಪ್ ಕೊಡುವಾಗಲೇ ಹೇಳಿ. ಆಗಲೇ ತೆಗೆದುಕೊಂಡು ಹೋಗಿದ್ದರೆ ಬಂದು ಬದಲಾಯಿಸಿಕೊಳ್ಳಿ, ಐದು ನಿಮಿಷದ ಕೆಲಸ. ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ನಿಮ್ಮ ಸರ್ವಿಸ್ ಅಂಗಡಿಯವರು