ಮಿನಿಟ್ಸ್ ಸಣ್ಣ ಕೆಲಸವಲ್ಲ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿದೆ. ನೀನು ಹೇಳಿದ ವಿಷಯ ಫೋನಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿ ಸೆಕ್ರೆಟರಿಯಾಗಿ ಬರೀ ಮಿನಿಟ್ಸ್, ಅಂದ್ರೆ ಸಭೆಯ ನಡಾವಳಿ, ಬರೆಯೋದೇ ಆಯ್ತು, ಕಂಪನಿಗಳ ನಿರ್ದೇಶಕರ ಬೋರ್ಡುಗಳಿಗೆ ಸಲಹೆ ಕೊಡುವ ಕೆಲಸಕ್ಕೆ ಹೋಗ್ತೀನಿ ಅಂದೆ. ಖಂಡಿತ ಹೋಗು. ಆದರೆ ಆ ಕಸುಬು ಶುರುವಾಗುವುದೇ ಮಿನಿಟ್ಸಿನಿಂದ.

ನಾನು ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದಾಗ ಸಾಲದ ಅರ್ಜಿಯೊಂದು ಸಭೆಗೆ ಬಂತು. ಅದು ನಿರ್ದೇಶಕರೊಬ್ಬರ ಭಾವಮೈದುನನದು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಆ ನಿರ್ದೇಶಕರೇ, "ಇದು ನಮ್ಮ ಮನೆಯವರದ್ದು, ನಾನು ಹೊರಗಿರ್ತೀನಿ" ಎಂದು ಎದ್ದು ಜಗಲಿಗೆ ಹೋಗಿ ಕೂತರು. ಆಮೇಲೆ ಒಬ್ಬರಿಗೆ ಪಹಣಿ ಕೇಳುವ ಧೈರ್ಯ ಬಂತು. ನೋಡಿದರೆ ಋಣದ ಕಾಲಂನಲ್ಲಿ ಹಳೇ ಸಾಲ ಹಾಗೇ ಇತ್ತು. ಅವರು ಎದ್ದು ಹೋದದ್ದು, ಇವರು ಕೇಳಿದ್ದು, ಅರ್ಜಿ ನಿಲ್ಲಿಸಿದ ಕಾರಣ, ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆದೆ. "ಚರ್ಚಿಸಿ ಮುಂದೂಡಲಾಯಿತು" ಎಂದಷ್ಟೇ ಬರೆದಿದ್ದರೆ ಮುಂದೆ ಓದುವವರಿಗೆ ಏನು ತಿಳಿಯುತ್ತಿತ್ತು? ತನ್ನ ಹಿತಾಸಕ್ತಿ ಇರುವ ನಿರ್ದೇಶಕ ಅದನ್ನು ಹೇಳಿ ಚರ್ಚೆಯಿಂದ ದೂರ ಇರಬೇಕು ಎನ್ನುವ, ನಿಮ್ಮ 2013ರ ಕಂಪನಿ ಕಾಯ್ದೆಯ 184ನೇ ಕಲಮಿನ ಧಾಟಿಯೂ ಇದೇ ಅಲ್ವಾ?

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಪ್ರಕರಣವನ್ನು ಇನ್ನೊಮ್ಮೆ ಓದು. 2008ರ ಡಿಸೆಂಬರ್ 16ರಂದು ಕಂಪನಿ ಕಟ್ಟಿದ ಪ್ರವರ್ತಕರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು ಕೊಳ್ಳಲು ಸತ್ಯಂ ಬೋರ್ಡು ಒಪ್ಪಿತು. ಆ ಬೋರ್ಡಿನಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕರಿದ್ದರು, ಕೇಂದ್ರದ ಮಾಜಿ ಸಂಪುಟ ಕಾರ್ಯದರ್ಶಿ ಇದ್ದರು. ಹೂಡಿಕೆದಾರರು ತಿರುಗಿಬಿದ್ದ ಮೇಲೆ ಆ ತೀರ್ಮಾನ ಕೈಬಿಟ್ಟರು. 2009ರ ಜನವರಿ 7ರಂದು ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕವೇ ಸುಳ್ಳು ಎಂದು ಬರೆದುಕೊಟ್ಟರು. ಬ್ಯಾಂಕಿನಲ್ಲಿದೆ ಎಂದು ತೋರಿಸಿದ್ದರಲ್ಲಿ 5,000 ಕೋಟಿಗೂ ಜಾಸ್ತಿ ಇರಲೇ ಇಲ್ಲ! ಓದಿದವರಿಗೇನೂ ಅಲ್ಲಿ ಬರವಿರಲಿಲ್ಲ. "ಬ್ಯಾಂಕಿನಿಂದಲೇ ನೇರವಾಗಿ ಪತ್ರ ತರಿಸಿ, ಆಮೇಲೆ ಮಾತಾಡೋಣ" ಎಂದು ಪಟ್ಟು ಹಿಡಿಯುವವರು ಬೇಕಿತ್ತು. ನೀನು ಬೋರ್ಡಿಗೆ ಕಲಿಸಬೇಕಾದದ್ದು ಆ ಪಟ್ಟು.

ಕೇಳಿದ್ದು ಬರಹದಲ್ಲೂ ಉಳಿಯಬೇಕು. ಕಂಪನಿಯ ಜೊತೆ ಬೇರೆ ನಂಟಿಲ್ಲದ ಸ್ವತಂತ್ರ ನಿರ್ದೇಶಕರು ತಮ್ಮ ಹೊಣೆಯನ್ನು ಶ್ರದ್ಧೆಯಿಂದ ಮಾಡಿದರೋ ಇಲ್ಲವೋ ಎಂದು ನಾಳೆ ಯಾರಾದರೂ ಕೇಳಿದರೆ ಮೊದಲು ತೆರೆಯುವುದು ಮಿನಿಟ್ಸ್ ಪುಸ್ತಕವನ್ನೇ. ಸಭೆಯಾದ 15 ದಿನದೊಳಗೆ ಕರಡು ಎಲ್ಲರಿಗೂ ಹೋಗಬೇಕು, 30 ದಿನದೊಳಗೆ ಪುಸ್ತಕಕ್ಕೆ ಏರಬೇಕು. ಈ ನಡುವೆಯೇ ಫೋನು ಬರೋದು: "ಅವರ ಪ್ರಶ್ನೆ ಯಾಕೆ ಸುಮ್ನೆ, ತೆಗೆದುಬಿಡಿ." ಮಾನಹಾನಿಯ ಮಾತು, ಸಂಬಂಧವಿಲ್ಲದ ಮಾತು, ಕಂಪನಿಯ ಹಿತಕ್ಕೆ ಧಕ್ಕೆಯಾಗುವ ಮಾತು ಬಿಡುವ ಅಧಿಕಾರ ಅಧ್ಯಕ್ಷರಿಗೆ ಕಾಯ್ದೆಯಲ್ಲೇ ಇದೆ. ಇರುಸುಮುರುಸಾಗುವ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ. ವಿನಯದಿಂದಲೇ ಹೇಳು, ಆದರೆ ತೆಗೆಯಬೇಡ.

ಸಲಹೆಗಾರ್ತಿಯಾದ ಮೇಲೆ ಸಂಪಾದನೆಯೆಲ್ಲ ಒಂದೇ ಕಂಪನಿಯಿಂದ ಬರುವ ಹಾಗೆ ಮಾಡ್ಕೋಬೇಡ. ಆಗ "ಬೇಡ" ಎನ್ನಲು ನಾಲಿಗೆ ಏಳುವುದಿಲ್ಲ.

ರಾಜೀನಾಮೆಗೆ ಈಗಲೇ ಅವಸರ ಬೇಡ ಪುಟ್ಟಿ. ಈ ವರ್ಷದ ಬೋರ್ಡ್ ಸಭೆಗಳನ್ನೆಲ್ಲ ಮುಗಿಸು. ಲೆಕ್ಕಪತ್ರ ನೋಡುವ ಆಡಿಟ್ ಸಮಿತಿಯ ಸಭೆಗೂ ನಿನ್ನನ್ನು ಕೂರಿಸಲು ಕೇಳು. ಹಬ್ಬಕ್ಕೆ ಬರುವಾಗ ಹೊಸ ಕೆಲಸದವರು ಕೊಟ್ಟ ಷರತ್ತಿನ ಕಾಗದ ತಾ, ಇಬ್ಬರೂ ಕೂತು ಓದೋಣ.

ಇಂತಿ ನಿನ್ನ
ದೊಡ್ಡಪ್ಪ