ಪುಡಿ ಆಮೇಲೆ, ಮೊದಲು ಗೋವಿನ ಜೋಳ ಒಣಗಲಿ

ಮಾನ್ಯರೆ,

ಬೈಲಹೊಂಗಲ, ಸವದತ್ತಿ ಭಾಗದಲ್ಲಿ ಸ್ವಂತ ಫೀಡ್ ಮಾಡಿಕೊಂಡು ಬ್ರಾಯ್ಲರ್ ಕೋಳಿ ಸಾಕುವವರು 'ತೂಕ ಬರುವ ಪುಡಿ'ಗಳಿಗೆ ಪ್ರತಿ ಬ್ಯಾಚಿಗೂ ದುಡ್ಡು ಸುರಿಯುತ್ತಿದ್ದಾರೆ. ಆ ಪುಡಿಗಳೆಲ್ಲ ಸುಳ್ಳೇನಲ್ಲ. ಆದರೆ ಕಾಳು ಹಸಿ ಇದ್ದು, ಸಲಿಕೆಯಲ್ಲಿ ನಾಲ್ಕು ಸಲ ಮಗುಚಿ ಚೀಲ ತುಂಬಿದರೆ ಯಾವ ಪುಡಿಯೂ ಕೈ ಹಿಡಿಯುವುದಿಲ್ಲ.

ಲೆಕ್ಕ ನೋಡಿ. ಕೋಳಿ ಒಂದು ಕೆಜಿ ತೂಕ ಬರಲು ಎಷ್ಟು ಕೆಜಿ ಫೀಡ್ ತಿನ್ನುತ್ತದೆ ಎಂಬುದೇ ಎಫ್‌ಸಿಆರ್. ಎಫ್‌ಸಿಆರ್ 1.6 ಇದ್ದರೆ 2 ಕೆಜಿ ಕೋಳಿಗೆ 3.2 ಕೆಜಿ ಫೀಡ್ ಬೇಕು, 1.7ಕ್ಕೆ ಏರಿದರೆ 3.4 ಕೆಜಿ. ಒಂದು ಕೋಳಿಗೆ 200 ಗ್ರಾಂ ಹೆಚ್ಚು, 5,000 ಕೋಳಿಯ ಶೆಡ್ಡಿಗೆ ಒಂದು ಟನ್ ಹೆಚ್ಚು. ಈ ಟನ್ ಉಳಿಯಲೆಂದೇ ಪುಡಿ ಕೊಳ್ಳುತ್ತಾರೆ. ಬೂಷ್ಟು ಹಿಡಿದ ಕಾಳು ಅದನ್ನೇ ತಿಂದು ಹಾಕುತ್ತದೆ.

ಫೀಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗೋವಿನ ಜೋಳದ್ದು. ರಾಶಿ ಹೊತ್ತಿಗೆ ಮಳೆಯಾಗಿ ತೇವಾಂಶ ಶೇ 14 ದಾಟಿದ ಕಾಳನ್ನು ಚೀಲ ಕಟ್ಟಿಟ್ಟರೆ ಒಳಗೊಳಗೇ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ಅಂಥ ಫೀಡ್ ತಿಂದ ಕೋಳಿಯ ಪಿತ್ತಜನಕಾಂಗ ಹಳದಿಗೆ ತಿರುಗುತ್ತದೆ, ತೂಕ ನಿಲ್ಲುತ್ತದೆ, ಹಾಕಿದ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ತೇವಾಂಶ ನೋಡಲು ಮೀಟರ್ ಇಲ್ಲದಿದ್ದರೆ ಒಣ ಗಾಜಿನ ಬಾಟಲಿ ಸಾಕು. ಮೂರರಲ್ಲಿ ಒಂದು ಭಾಗ ಕಾಳು, ಎರಡು ಮೂರು ಚಮಚ ಒಣ ಉಪ್ಪು ಹಾಕಿ ಮುಚ್ಚಿ ಎರಡು ಮೂರು ನಿಮಿಷ ಅಲುಗಾಡಿಸಿ, ಕಾಲು ತಾಸು ಬಿಡಿ. ಉಪ್ಪು ಗಾಜಿಗೆ ಅಂಟಿ ನಿಂತಿತೋ, ತೇವಾಂಶ ಶೇ 15ರ ಮೇಲಿದೆ, ಇನ್ನೂ ಬಿಸಿಲು ಬೇಕು. ಅಂಟದಿದ್ದರೂ ಇನ್ನೊಂದು ದಿನ ಒಣಗಿಸುವುದು ಲೇಸು. ವಿಷವನ್ನು ಹಿಡಿದಿಡುವ ಟಾಕ್ಸಿನ್ ಬೈಂಡರ್ ಪುಡಿ ಇದೆಯಲ್ಲ ಎಂದು ಧೈರ್ಯ ಬೇಡ. ಬೆಂಟೊನೈಟ್ ಮಣ್ಣಿನ ಬೈಂಡರ್ ಅಫ್ಲಾಟಾಕ್ಸಿನನ್ನು ಚೆನ್ನಾಗಿ ಹಿಡಿಯುತ್ತದೆ, ಟಿ-2 ಎಂಬಂಥ ಬೇರೆ ಬೂಷ್ಟಿನ ವಿಷದ ಮುಂದೆ ಅದರ ಆಟ ನಡೆಯದು.

ಇನ್ನು ಕಲಸುವುದು. ಟನ್ನಿಗೆ ಅರ್ಧ ಕೆಜಿ ಹಾಕುವ ವಸ್ತುವನ್ನು ನೇರ ರಾಶಿಗೆ ಚೆಲ್ಲಿದರೆ ಒಂದು ಚೀಲಕ್ಕೆ ದುಪ್ಪಟ್ಟು, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು 5 ಕೆಜಿ ಜೋಳದ ಹಿಟ್ಟಿನಲ್ಲಿ, ಅದನ್ನು 50 ಕೆಜಿಯಲ್ಲಿ, ಆಮೇಲೆ ಮಿಕ್ಸರಿಗೆ. ಎಣ್ಣೆ ಕೊನೆಗೆ. ಫೀಡಿಗೆ ಹಾಕುವ ಪೋಷಕಾಂಶ ಕೋಲಿನ್ ಕ್ಲೋರೈಡ್ ತೇವ ಎಳೆದು ವಿಟಮಿನ್ ಕೆಡಿಸುತ್ತದೆ, ಎರಡನ್ನೂ ಒಟ್ಟಿಗೆ ಕಲಸಿ ದಿನಗಟ್ಟಲೆ ಇಡಬೇಡಿ. ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ತಡೆಯುವ ಸ್ಯಾಲಿನೊಮೈಸಿನ್ ಔಷಧ ಶೇ 12ರದ್ದು ಟನ್ನಿಗೆ 500 ಗ್ರಾಂ. ಇದು ಒಂದೇ ಕಡೆ ಗುಡ್ಡೆಯಾದರೆ ಕೋಳಿಯ ಕಾಲಿನ ಶಕ್ತಿ ಹೋಗುತ್ತದೆ. ಇದು ಇರುವ ಫೀಡಿನ ಜೊತೆ ಟಯಾಮುಲಿನ್ ಎಂಬ ಪ್ರತಿಜೀವಕ ಔಷಧ ಕೊಟ್ಟರೆ ಕೋಳಿ ಸಾಯುತ್ತವೆ. ಉಳಿದ ಫೀಡನ್ನು ಕುದುರೆಗೆ ಅಪ್ಪಿತಪ್ಪಿಯೂ ಹಾಕಬಾರದು, ಜೀವಕ್ಕೇ ಕುತ್ತು.

ಫೈಟೇಸ್ ಎಂಬ ಕಿಣ್ವ ಮಾತ್ರ ಖಂಡಿತ ದುಡ್ಡು ಉಳಿಸುವ ವಸ್ತು. ಕಾಳಿನಲ್ಲಿ ಕಟ್ಟಿಬಿದ್ದ ರಂಜಕವನ್ನು ಅದು ಬಿಡಿಸಿಕೊಡುತ್ತದೆ. ಆದರೆ ರಂಜಕಕ್ಕೆಂದು ಹಾಕುವ ಡಿಸಿಪಿಯನ್ನು (ಡೈಕ್ಯಾಲ್ಸಿಯಂ ಫಾಸ್ಫೇಟ್) ಟನ್ನಿಗೆ ಸುಮಾರು 5 ಕೆಜಿ ಕಡಿಮೆ ಮಾಡಿ, ಸುಣ್ಣದ ಲೆಕ್ಕ ಸರಿಪಡಿಸಿದರೆ ತಾನೆ ಉಳಿತಾಯ? ಡಿಸಿಪಿ ಹಾಗೇ ಇಟ್ಟು ಮೇಲೆ ಫೈಟೇಸ್ ಸುರಿಯುವವರೇ ಹೆಚ್ಚು. ಪ್ರೊಬಯಾಟಿಕ್ ಪುಡಿಯನ್ನು ಬ್ಲೀಚಿಂಗ್ ಹಾಕಿದ ನೀರಿಗೆ ಬೆರೆಸುವುದೂ ಇಂಥದ್ದೇ ತಪ್ಪು, ಒಳ್ಳೆಯ ಸೂಕ್ಷ್ಮಾಣು ನೀರಿನಲ್ಲೇ ಸಾಯುತ್ತವೆ.

ಹೊಸ ಪುಡಿ ಫಲ ಕೊಟ್ಟಿತೇ ಎಂದು ತಿಳಿಯಲು ಹೋದ ಬ್ಯಾಚಿಗೆ ಹೋಲಿಸಿ ಉಪಯೋಗವಿಲ್ಲ. ಮರಿ ಬೇರೆ, ಹವೆ ಬೇರೆ. ಒಂದೇ ಶೆಡ್ಡನ್ನು ಜಾಳಿಗೆಯಿಂದ ನಾಲ್ಕು ಅಂಕಣ ಮಾಡಿ, ಒಂದು ಬಿಟ್ಟು ಒಂದಕ್ಕೆ ಪುಡಿ ಹಾಕಿ. ಎರಡೇ ಭಾಗ ಮಾಡಿದರೆ ವಿಜಯಪುರದಂಥ ಬಿಸಿಲಿನಲ್ಲಿ ಪಡುವಣ ಭಾಗದ ಕೋಳಿ ಸೆಕೆಗೇ ಕಡಿಮೆ ತಿನ್ನುತ್ತವೆ, ತಪ್ಪು ಪುಡಿಯ ಮೇಲೆ ಬರುತ್ತದೆ. ವಾರಕ್ಕೊಮ್ಮೆ ಅಂಕಣಕ್ಕೆ 50 ಕೋಳಿ ತೂಗಿ. ಹಾಕಿದ ಫೀಡ್, ಉಳಿದ ಫೀಡ್ ಎರಡನ್ನೂ ಬರೆದಿಡಿ.

ಒಳಗೆ ಏನಿದೆ ಎಂದೇ ಬರೆಯದ ಪೊಟ್ಟಣಗಳ ವಿಷಯದಲ್ಲಿ ಅಧಿಕಾರಿಗಳು ಸುಮ್ಮನಿರಬಾರದು. ಕೊಲಿಸ್ಟಿನ್ ಪ್ರತಿಜೀವಕವನ್ನು ಕೋಳಿಗೂ ಫೀಡಿಗೂ ಮಾರುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ. ಹೆಸರಿಲ್ಲದ ಪುಡಿಯಲ್ಲಿ ಅದು ಇಲ್ಲವೆಂದು ರೈತ ಹೇಗೆ ನಂಬಬೇಕು? ವಸ್ತುವಿನ ಹೆಸರು, ಪ್ರಮಾಣ, ಟನ್ನಿಗೆ ಎಷ್ಟು, ಕೋಳಿ ಮಾರುವುದಕ್ಕೆ ಎಷ್ಟು ದಿನ ಮೊದಲು ನಿಲ್ಲಿಸಬೇಕು, ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ರಾಶಿ ಶುರುವಾಗುವ ಮುಂಚೆ ಪ್ರತಿ ಹೋಬಳಿಯ ಪಶು ಆಸ್ಪತ್ರೆಗೆ ಒಂದೊಂದು ತೇವಾಂಶ ಮೀಟರನ್ನೂ ಪಶುಪಾಲನಾ ಇಲಾಖೆ ಕೊಡಲಿ.

— ಕೋಳಿ ಆಹಾರ ತಯಾರಕರು, ಬೈಲಹೊಂಗಲ