ಉಣಿಸಿದವರನ್ನು ಬದುವಿನಾಚೆ ನಿಲ್ಲಿಸಿದ ಹಬ್ಬಗಳು

ಮಾನ್ಯ ಸಂಪಾದಕರೇ,

ಕಲಬುರಗಿಯ ಒಂದು ಶಾಲೆಯಲ್ಲಿ ಎರಡನೇ ತರಗತಿ ಓದುವ ಮಗಳ ಮಗ ಮೊನ್ನೆ ಬಣ್ಣದ ಕಾಗದದ ಟರ್ಕಿ ಕೋಳಿ ಹಿಡಿದುಕೊಂಡು ಮನೆಗೆ ಬಂದ. ‘ಥ್ಯಾಂಕ್ಸ್‌ಗಿವಿಂಗ್ ಅಜ್ಜಿ, ಅಮೆರಿಕದಲ್ಲಿ ಬಿಳಿ ಜನ ಮತ್ತು ಅಲ್ಲಿನ ಮೂಲ ಜನ ಕೂಡಿ ಊಟ ಮಾಡಿದ ಹಬ್ಬ’ ಎಂದ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಸುಮ್ಮನಿರಲು ಆಗಲಿಲ್ಲ. ಹುಡುಗ ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ.

1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಅಮೆರಿಕದ ದಡ ಮುಟ್ಟಿದ ಪ್ರಯಾಣಿಕರು 102 ಜನ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಸತ್ತರು. ಉಳಿದವರಿಗೆ ಮೀನನ್ನು ಗೊಬ್ಬರವಾಗಿ ಹಾಕಿ ಮೆಕ್ಕೆಜೋಳ ಬಿತ್ತುವುದನ್ನು ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಅಲ್ಲಿನ ಮೂಲನಿವಾಸಿ. 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಇವನನ್ನು ಹಿಡಿದೊಯ್ದು ಸ್ಪೇನಿನಲ್ಲಿ ಮಾರಿದ್ದ. ಹೇಗೋ ತಿರುಗಿ ಬಂದಾಗ ಇವನ ಊರು ರೋಗಕ್ಕೆ ಸಿಕ್ಕು ಪೂರ್ತಿ ಹಾಳುಬಿದ್ದಿತ್ತು. ಬಂದವರು ಪ್ಲಿಮತ್ ಎಂಬ ತಮ್ಮ ಊರು ಕಟ್ಟಿಕೊಂಡದ್ದು ಅದೇ ಜಾಗದಲ್ಲಿ. ಅಂಥವನು ಅವರಿಗೆ ಒಕ್ಕಲುತನ ಹೇಳಿಕೊಟ್ಟ! 1621ರ ಸುಗ್ಗಿಗೆ ಮೂರು ದಿನ ಊಟ ನಡೆಯಿತು. ವಾಂಪನೋಗ್ ಎಂಬ ಮೂಲ ಜನರ ಮುಖಂಡ ಮ್ಯಾಸಸೋಯಿಟ್ ಸುಮಾರು 90 ಜನರೊಂದಿಗೆ ಬಂದ. ಅವನ ಕಡೆಯವರು ಐದು ಜಿಂಕೆ ಬೇಟೆಯಾಡಿ ತಂದರು.

ಮೊಮ್ಮಗನ ಶಾಲೆಯ ಕಥೆ ಇಲ್ಲಿಗೆ ನಿಲ್ಲುತ್ತದೆ. 1675ರಲ್ಲಿ ಅದೇ ಮ್ಯಾಸಸೋಯಿಟ್‌ನ ಮಗ ಮೆಟಾಕಾಮ್‌ನಿಗೂ ವಲಸೆಗಾರರಿಗೂ ಯುದ್ಧವಾಯಿತು. ಮರುವರ್ಷ ಅವನನ್ನು ಕೊಂದು, ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಬಿಟ್ಟರು. ಅಪ್ಪನ ಜೊತೆ ಉಂಡ ಊರದು. ಥ್ಯಾಂಕ್ಸ್‌ಗಿವಿಂಗ್ ದೇಶಕ್ಕೆಲ್ಲ ಒಂದೇ ಹಬ್ಬವಾದದ್ದು ಬಹಳ ತಡವಾಗಿ. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ವರ್ಷಾನುಗಟ್ಟಲೆ ಬೆನ್ನುಬಿದ್ದ ಮೇಲೆ, 1863ರಲ್ಲಿ ಅಂತರ್ಯುದ್ಧದ ನಡುವೆ ಲಿಂಕನ್ ಅದನ್ನು ಘೋಷಿಸಿದರು. ನವೆಂಬರ್‌ನ ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ.

ನಿವೃತ್ತಿಯಾದ ವರ್ಷ ಮಗ ಬಾಸ್ಟನ್‌ಗೆ ಕರೆಸಿಕೊಂಡಿದ್ದ. ಪ್ಲಿಮತ್‌ಗೂ ಹೋಗಿ ಬಂದೆವು. 1620 ಎಂದು ಕೆತ್ತಿದ ಬಂಡೆ ನೋಡಿ ‘ಇಷ್ಟೇನಾ?’ ಅನ್ನಿಸಿತು. ಎದುರಿನ ದಿಬ್ಬದ ಮೇಲೆ ಮ್ಯಾಸಸೋಯಿಟ್‌ನ ಪ್ರತಿಮೆ ಇದೆ, ಒಂದು ಫಲಕವೂ ಇದೆ. 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಮೂಲನಿವಾಸಿಗಳು ಅಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ.

ಹಬ್ಬದ ದಿನ ಮಗನ ನೆರೆಮನೆಯವರು ಊಟಕ್ಕೆ ಕರೆದಿದ್ದರು. ಕೋಳಿ ನಾವು ಮುಟ್ಟುವುದಿಲ್ಲ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದೆ. (ಶೇಂಗಾ ಕೂಡ ಅಮೆರಿಕ ಖಂಡದ್ದೇ, ತವರಿಗೆ ಹೋದಂತಾಯಿತು.) ಊಟಕ್ಕೆ ಮೊದಲು ಒಬ್ಬೊಬ್ಬರೂ ಯಾರನ್ನು ನೆನೆಯುತ್ತೀರಿ ಹೇಳಬೇಕು ಎಂದರು. ನನ್ನ ಸರದಿ ಬಂದಾಗ ದೇವರ ಹೆಸರು ನಾಲಿಗೆಗೆ ಬರಲಿಲ್ಲ.

1972ರ ಬರಗಾಲದಲ್ಲಿ ನನಗೆ ಹತ್ತು ವರ್ಷ. ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಎರೆಮಣ್ಣು ಬಿರಿದು ಕಾಲು ಸಿಕ್ಕುವಷ್ಟು ಬಾಯಿಬಿಟ್ಟಿತ್ತು. ನಮ್ಮಲ್ಲಿ ಕಳೆ ತೆಗೆಯಲು ಬರುತ್ತಿದ್ದ ಹೆಂಗಸು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು, ಸಂಜೆ ಉಡಿಯಲ್ಲಿ ಸೊಪ್ಪು-ತಪ್ಪಲು ತುಂಬಿಕೊಂಡು ಬರುತ್ತಿದ್ದಳು. ಅರ್ಧ ತನ್ನ ಮಕ್ಕಳಿಗೆ, ಅರ್ಧ ನಮಗೆ. ಯಾವುದನ್ನು ಕುದಿಸಿ ನೀರು ಚೆಲ್ಲಬೇಕು, ಯಾವುದನ್ನು ಹಾಗೇ ತಿನ್ನಬಹುದು ಎಂದು ನಮ್ಮವ್ವನಿಗೆ ಹೇಳಿಕೊಟ್ಟವಳೂ ಅವಳೇ. ನಮ್ಮವ್ವನಿಗಿಂತ ದೊಡ್ಡವಳು, ಆದರೂ ನಾವು ಹುಡುಗರು ಹೆಸರು ಹಿಡಿದೇ ಕರೆಯುತ್ತಿದ್ದೆವು.

ಮರುವರ್ಷ ಮಳೆ ಬಂತು. ಎಳ್ಳ ಅಮಾವಾಸ್ಯೆಗೆ ಬಂಡಿ ಹೂಡಿ ಹೊಲಕ್ಕೆ ಹೋದೆವು. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ನಾಲ್ಕೂ ಕಡೆ ಚರಗ ಚೆಲ್ಲಿದೆವು. ಭೂತಾಯಿಗೆ ಪಾಲು ಹೋಯಿತು, ಹಕ್ಕಿಗೂ ಹೋಯಿತು. ಜೋಳದ ಬೆಳೆಯ ನಡುವೆ ಕೂತು ಭಜ್ಜಿ, ಸಜ್ಜೆ ರೊಟ್ಟಿ ಉಂಡೆವು. ಅವಳು ಬದುವಿನ ಆಚೆ ಸೆರಗೊಡ್ಡಿ ನಿಂತಿದ್ದಳು. ನಮ್ಮವ್ವ ಕೈ ತಾಕದಂತೆ ಮೇಲಿನಿಂದ ರೊಟ್ಟಿ ಬಿಟ್ಟಳು. ನಾನು ನೋಡುತ್ತಿದ್ದೆ. ಉಣ್ಣುತ್ತಲೂ ಇದ್ದೆ.

ಇದನ್ನೇ ಬಾಸ್ಟನ್‌ನಲ್ಲಿ ಕನ್ನಡದಲ್ಲಿ ಹೇಳಿದೆ. ಮಗ ಇಂಗ್ಲಿಷಿಗೆ ತಿರುಗಿಸುತ್ತಾ ನಡುವೆ ನಿಂತುಬಿಟ್ಟ. ಅವನಿಗೂ ಗೊತ್ತಿರಲಿಲ್ಲ, ನಾನು ಯಾವತ್ತೂ ಹೇಳಿರಲಿಲ್ಲ.

ಶಾಲೆಯವರಲ್ಲಿ ನನ್ನ ವಿನಂತಿ ಇಷ್ಟೇ. ಕಾಗದದ ಕೋಳಿ ಬೇಕಾದರೆ ಮಾಡಿಸಿ, ಮೆಟಾಕಾಮ್‌ನ ಹೆಸರನ್ನೂ ಹೇಳಿ. ಎರಡನೇ ತರಗತಿಗೆ ತಲೆ ಕಡಿದ ಕಥೆ ಬೇಡ, ಒಪ್ಪುತ್ತೇನೆ. ಉಣಿಸಿದವರಿಗೆ ಆಮೇಲೆ ಅನ್ಯಾಯವಾಯಿತು ಎಂದರೆ ಮಕ್ಕಳಿಗೆ ತಿಳಿಯುತ್ತದೆ. ಎಳ್ಳ ಅಮಾವಾಸ್ಯೆಗೆ ಒಂದು ಬಸ್ಸು ಮಾಡಿ ಅವರನ್ನು ತೊಗರಿ ಹೊಲಕ್ಕೂ ಕರೆತನ್ನಿ. ಕೊಯ್ಯುವವರು ಅಲ್ಲೇ ಇರುತ್ತಾರೆ, ಮಾತಾಡಿಸಲಿ.

ಆ ಹೆಂಗಸು ಈಗಿಲ್ಲ. ಆಕೆಯ ಮೊಮ್ಮಗಳು ಬೀದರ್‌ನಲ್ಲಿ ನರ್ಸ್. ಹೋದ ವಾರ ಫೋನ್ ಮಾಡಿ, ಈ ಸಲ ಅಮಾವಾಸ್ಯೆಗೆ ಹೊಲಕ್ಕೆ ಬಾ, ಒಂದೇ ಸಾಲಿಗೆ ಕೂತು ಉಣ್ಣೋಣ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ‘ಡ್ಯೂಟಿ ಅದಾವ್ರಿ ಟೀಚರ್, ನೋಡಿ ಹೇಳ್ತಿನ್ರಿ’ ಎಂದಳು. ಇನ್ನೂ ಹೇಳಿಲ್ಲ.

– ನಿವೃತ್ತ ಶಿಕ್ಷಕಿ, ಕಲಬುರಗಿ